ಬಾಣಂತಿ ಕೋಣೆಗೆ ಬಂದ ಕೋಳಿಮರಿಗಳು

ನರ್ಸಮ್ಮ ಯಾರ ಮನೆಗೆ ಬಂದರೂ ಮೊದಲು ಅವರ ಮೂಗು ಒಳಗೆ ಬರುತ್ತಿತ್ತು, ಆಮೇಲೆ ಅವರು ಬರುತ್ತಿದ್ದರು. ಹೊಸ್ತಿಲ ಆಚೆ ನಿಂತು, ಸೆರಗನ್ನು ಒಂದು ಕೈಯಲ್ಲಿ ಮುದುರಿ ಹಿಡಿದು, ಕತ್ತು ಮುಂದೆ ಚಾಚಿ ಉಸಿರೆಳೆದುಕೊಳ್ಳುವರು. 'ಏನೋ ಸುಟ್ಟ ಹಾಗಿದೆಯಲ್ಲಮ್ಮ' ಎನ್ನುವುದು ಅವರ ನಮಸ್ಕಾರ. ಸುಟ್ಟಿರುತ್ತಿದ್ದದ್ದು ಒಲೆಯಲ್ಲಿ ಸೌದೆ, ಅಷ್ಟೆ. ಆದರೂ ಒಳಗೆ ಬಂದು ಒಲೆ ನೋಡಿ, ದೀಪ ನೋಡಿ, ತೊಟ್ಟಿಲಲ್ಲಿ ಮಗುವಿದ್ದರೆ ಅದರ ಮೂಗಿನ ಹತ್ತಿರ ಕೈ ಹಿಡಿದು ನೋಡಿ, ಆಮೇಲೇ ಕೂರುತ್ತಿದ್ದರು.

ಕಳೆದ ವಾರ ನಂಜನಗೂಡಿನಿಂದ ಅವರ ತಮ್ಮನ ಮಗ ಫೋನ್ ಮಾಡಿ, ದೊಡ್ಡತ್ತೆ ಹೋಗಿಬಿಟ್ಟರು ಎಂದ. ನಿದ್ದೆಯಲ್ಲೇ ಹೋದರಂತೆ, ಯಾವ ತೊಂದರೆಯೂ ಇರಲಿಲ್ಲವಂತೆ. ಅವರಿಗೆ ನಿದ್ದೆ ಬಂತು ಎಂಬುದನ್ನು ನಂಬುವುದೇ ನನಗೆ ಕಷ್ಟವಾಯಿತು. ನಮ್ಮೂರಿನಲ್ಲಿದ್ದಷ್ಟು ವರ್ಷ ಆಯಮ್ಮ ನೆಟ್ಟಗೆ ಮಲಗಿದ್ದನ್ನು ಕಂಡವರಿಲ್ಲ.

ನಮ್ಮೂರು ತಿ. ನರಸೀಪುರಕ್ಕೂ ತಲಕಾಡಿಗೂ ನಡುವೆ ಇರುವ ಸಣ್ಣ ಹಳ್ಳಿ. ಎಪ್ಪತ್ತರ ದಶಕದಲ್ಲಿ ಅಲ್ಲಿ ಹೆರಿಗೆ ನೋಡುವ ಸರ್ಕಾರಿ ನರ್ಸಿಗೆಂದು ಹೆಂಚಿನ ಕ್ವಾರ್ಟರ್ಸ್ ಕಟ್ಟಿದ್ದರು. ಅದು ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಅಲ್ಲಿಗೆ ಬಂದವರು ಇವರು. ನಂಜನಗೂಡಿನ ಗುಡಿಯ ಬೀದಿಯವರು, ಪೂಜೆ ಮಾಡಿಕೊಂಡಿದ್ದ ಮನೆತನ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಹಟ ಹಿಡಿದು ನರ್ಸ್ ಟ್ರೈನಿಂಗ್ ಮಾಡಿಕೊಂಡಿದ್ದರು. ಮಕ್ಕಳಿರಲಿಲ್ಲ. ಈರುಳ್ಳಿಯನ್ನೂ ಯೋಚನೆ ಮಾಡಿ ತಿನ್ನುವ ಇಂಥವರು ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ಕೋಳಿಮರಿ ಸಾಕುತ್ತಿದ್ದರು ಎಂದರೆ, ಮೊದಲ ಸಲ ಕೇಳಿದವರು ನಗುತ್ತಾರೆ. ನಾವೂ ನಕ್ಕಿದ್ದೆವು.

ಅದಕ್ಕೆ ಕಾರಣವಿತ್ತು. ಬಸುರಿಯರಿಗೆಲ್ಲ ದಿನಾ ಒಂದು ಮೊಟ್ಟೆ ತಿನ್ನಿ ಎಂದು ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ನಮ್ಮ ಹೆಂಗಸರು ಹೂಂ ಅನ್ನುವರು, ಮೊಟ್ಟೆಯನ್ನು ಸಂತೆಗೆ ಕೊಡುವರು. ಕೊನೆಗೆ ಅವರೇ ಮೈಸೂರಿನಿಂದ ಆಗತಾನೆ ಮೊಟ್ಟೆಯೊಡೆದ ಮರಿಗಳನ್ನು ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ತಂದು ಸಾಕಿ, ಸ್ವಲ್ಪ ಬಲಿತ ಮೇಲೆ ಬಸುರಿಯಿದ್ದ ಮನೆಗೊಂದು ಹೇಂಟೆ ಕೊಡುವುದಕ್ಕೆ ಶುರು ಮಾಡಿದರು. ಕೊಡುವಾಗ ಒಂದೇ ಷರತ್ತು, ಇದರ ಮೊಟ್ಟೆ ಇದೇ ಮನೆಯ ಹೊಟ್ಟೆಗೆ.

'ತಿನ್ನಾಕಿಲ್ದೋರು ತಿನ್ನಿ ಅಂತಾರೆ. ಇವ್ರ್ ಅವ್ವುಂಗೆ ಗೊತ್ತಾದ್ರೆ ಮನೆ ಒಳೀಕೆ ಬುಟ್ಕಂಡಾರಾ?' ಎಂದು ನಮ್ಮವ್ವ ಕೇಳುತ್ತಿದ್ದಳು.

ಬಿಟ್ಟುಕೊಳ್ಳುತ್ತಿರಲಿಲ್ಲ, ಅದು ನರ್ಸಮ್ಮನಿಗೂ ಗೊತ್ತಿತ್ತು. ನಂಜನಗೂಡಿಗೆ ಹೊರಟ ದಿನ ತಲೆಗೆ ನೀರು ಹಾಕಿಕೊಂಡು, ಮರಿ ಕೋಣೆಗೆ ಎಂದೂ ಉಟ್ಟುಹೋಗದ ಸೀರೆ ಉಟ್ಟು, ನನ್ನ ಮುಂದೆ ಒಂದು ಸುತ್ತು ತಿರುಗಿ, 'ವಾಸನೆ ಬರುತ್ತಾ, ನಿಜ ಹೇಳು' ಎಂದು ಕೇಳುವರು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಗುಡಿಯ ಸಾಲಿನಲ್ಲಿ ಅವರ ತಾಯಿ ಮುಂದೆ, ಇವರು ನಡುವೆ, ನಾನು ಹಿಂದೆ. ನೋಡುತ್ತೇನೆ, ಇವರ ತುರುಬಿನಲ್ಲಿ ಒಂದು ಹಳದಿ ಪುಕ್ಕ. ತೆಗೆದು ಮುಷ್ಟಿಯೊಳಗೆ ಇಟ್ಟುಕೊಂಡೆ. ಮಂಗಳಾರತಿಗೆ ಕೈ ಚಾಚಬೇಕಾದಾಗಲೂ ಆ ಮುಷ್ಟಿ ಬಿಚ್ಚಲಿಲ್ಲ. ಹೊರಗೆ ಬಂದ ಮೇಲೆ ತೋರಿಸಿದರೆ ಅವರ ಮುಖ ಸುಣ್ಣದ ಹಾಗಾಯಿತು.

ನನಗಾಗ ಎಸ್ಸೆಸ್ಸೆಲ್ಸಿ ಮುಗಿದಿತ್ತು, ಮದುವೆ ಆಗಿರಲಿಲ್ಲ. ಅವರು ಹಳ್ಳಿ ಸುತ್ತಲು ಹೋದಾಗ ಮರಿಗಳನ್ನು ನೋಡಿಕೊಳ್ಳುವ ಕೆಲಸ ನನಗೆ ಬಿತ್ತು. ಕೆಲಸವೇನೋ ಸಲೀಸು, ಅದನ್ನು ಒಪ್ಪಿಸಿಕೊಳ್ಳುವುದೇ ದೊಡ್ಡ ಸಂಕಟ. ಮರಿ ಬರುವ ಹಿಂದಿನ ದಿನವೇ ಕೋಣೆ ಸಿದ್ಧವಾಗಬೇಕು. ನೆಲಕ್ಕೆ ಒಣಗಿದ ಭತ್ತದ ಹೊಟ್ಟು, ಅದನ್ನು ಮರಿಗಳು ತಿನ್ನದ ಹಾಗೆ ಮೇಲೆ ಹಳೆಯ ಪೇಪರು. ಸುತ್ತ ಬಿದಿರಿನ ತಟ್ಟಿಯನ್ನು ಬಳೆಯಂತೆ ಬಾಗಿಸಿ ನಿಲ್ಲಿಸಬೇಕು. ನಡುವೆ ತೊಲೆಯಿಂದ ಹಗ್ಗ ಬಿಟ್ಟು ಬೋರಲು ಮಾಡಿದ ಮಂಕರಿ ಬುಟ್ಟಿ, ಮಂಕರಿಯೊಳಗೆ ಬಲ್ಬು. ಹಗ್ಗ ಎಳೆದರೆ ಮೇಲೆ, ಬಿಟ್ಟರೆ ಕೆಳಗೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು, ಇಲ್ಲದಿದ್ದರೆ ಮರಿಗಳು ಕುಡಿಯಲು ಬಗ್ಗಿ ಅದರಲ್ಲೇ ಮುಳುಗುತ್ತವೆ. ಕಿಟಕಿಗೆ ಬೆಕ್ಕು ನುಗ್ಗದ ಹಾಗೆ ಜಾಲರಿ. ಆದರೆ ಕಿಟಕಿ ಮುಚ್ಚುವ ಹಾಗಿಲ್ಲ.

'ಥಂಡಿ ಆಗಲ್ವಾ ಮೇಡಂ?' ಎಂದು ನಾನು ಕೇಳಿದ್ದೆ.

'ಥಂಡಿಗೆ ದೀಪ ಇದೆ, ತಟ್ಟಿ ಇದೆ. ಉಸಿರಿಗೆ ಏನಿದೆ ಹೇಳು? ಕಿಟಕಿ ಒಂದೇ ಕಣಮ್ಮ ಇರೋದು.'

ತಟ್ಟಿ ಯಾಕೆ ದುಂಡಗಿರಬೇಕು ಎಂಬುದಕ್ಕೂ ಒಂದು ಕತೆ ಇತ್ತು, ಅದನ್ನು ಅವರು ನಗುತ್ತ ಹೇಳಿದ್ದಿಲ್ಲ. ಮೊದಲ ಸಲ ತಂದ ಮರಿಗಳನ್ನು ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಕರೆಂಟು ಹೋದಾಗ ಅವೆಲ್ಲ ಚಳಿಗೆ ಒಂದು ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದವೆಲ್ಲ ಉಸಿರು ಕಟ್ಟಿ ಸತ್ತಿದ್ದವು. ಅಂದಿನಿಂದ ಮೂಲೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮಗು ಮಲಗಿಸುವ ಜಾಗ ತೋರಿಸಿದರೂ ಮೊದಲು ಮೂಲೆ ನೋಡುವರು.

ಶಾಖ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನಾನು ಬಲ್ಬಿನ ಹತ್ತಿರ ಕೈ ಇಟ್ಟು ನೋಡಿದರೆ ಗದರುವರು. 'ಮರಿ ನೋಡು, ದೀಪ ನೋಡಬೇಡ.' ದೀಪದ ಅಡಿ ಗುಂಪು ಕಟ್ಟಿಕೊಂಡು ಕಿರುಚುತ್ತಿದ್ದರೆ ಚಳಿ. ದೂರ ಸರಿದು ತಟ್ಟಿಗೆ ಅಂಟಿ, ರೆಕ್ಕೆ ಇಳಿಬಿಟ್ಟು ಬಾಯಿ ತೆರೆದರೆ ಸೆಕೆ. ಎಲ್ಲಾ ಕಡೆ ಚೆಲ್ಲಿಕೊಂಡು ತಮ್ಮ ಪಾಡಿಗೆ ತಾವು ಕೊಕ್ಕಾಡಿಸುತ್ತಿದ್ದರೆ, ಆಗ ನಾವು ಹೋಗಿ ಊಟ ಮಾಡಬಹುದು. ನಾನು ಊಟ ಮಾಡುತ್ತಿದ್ದೆ. ಅವರು ತಟ್ಟೆ ಹಿಡಿದುಕೊಂಡು ಮರಿ ಕೋಣೆಯ ಬಾಗಿಲಲ್ಲೇ ನಿಂತಿರುತ್ತಿದ್ದರು.

ಬಸ್ಸು ಹತ್ತಿದ ಮೇಲೂ ನೆಮ್ಮದಿ ಇಲ್ಲ. ಬಸ್ಸು ಊರ ಬಾಗಿಲು ದಾಟುವಷ್ಟರಲ್ಲಿ ಎದ್ದು ನಿಲ್ಲುವರು. ಕಂಡಕ್ಟರಿಗೆ ಅಭ್ಯಾಸವಾಗಿತ್ತು. 'ಏನ್ ಮೇಡಂ, ದೀಪ ಆರಿಸಿಲ್ವೋ, ಹಚ್ಚಿಲ್ವೋ?' ಎಂದು ಕೇಳಿ ಸೀಟಿ ಊದುವನು. ಇವರು ಇಳಿದು ಓಡಿಹೋಗಿ ನೋಡಿಕೊಂಡು ಬರುವ ತನಕ ಬಸ್ಸು ನಿಂತಿರುತ್ತಿತ್ತು. ಒಳಗಿದ್ದವರು ಬೈದುಕೊಳ್ಳುತ್ತಿದ್ದರು, ಆದರೆ ಅವರಲ್ಲಿ ಅರ್ಧ ಜನರ ಮಕ್ಕಳನ್ನು ಮಣ್ಣಿಗೆ ಬೀಳದಂತೆ ಹಿಡಿದುಕೊಂಡ ಕೈ ಅದೇ. ಹಾಗಾಗಿ ಜೋರಾಗಿ ಬೈಯುತ್ತಿರಲಿಲ್ಲ.

ಅಷ್ಟರಲ್ಲಿ ನನಗೆ ಮದುವೆಯಾಯಿತು, ತಗಡೂರು ಕಡೆಗೆ ಹೋದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಧನುರ್ಮಾಸದ ಚಳಿ. ನರ್ಸಮ್ಮನೇ ಹೆರಿಗೆ ಮಾಡಿಸಿದರು, ಹೆಣ್ಣು ಮಗು. ಅಲ್ಲಿಯವರೆಗೂ ಎಲ್ಲ ಸಸೂತ್ರ.

ನಮ್ಮವ್ವನ ವಿಷಯ ಇಲ್ಲಿ ಹೇಳಬೇಕು. ನನ್ನ ಬೆನ್ನಿಗೆ ಹುಟ್ಟಿದ ಗಂಡು ಕೂಸೊಂದು ನಾನು ಮಲಗಿದ್ದ ಬಾಣಂತಿ ಕೋಣೆಯಲ್ಲೇ, ಅಂಥದೇ ಚಳಿಯಲ್ಲಿ ಶೀತ ಹತ್ತಿ ತೀರಿಕೊಂಡಿತ್ತು. ಕಿಟಕಿಯಿಂದ ಬಂದ ಗಾಳಿಯೇ ಅದನ್ನು ತಿಂದುಕೊಂಡಿತು ಎಂದು ಅವ್ವ ನಂಬಿದ್ದಳು. ಹಾಗಾಗಿ ನನ್ನ ಬಾಣಂತನಕ್ಕೆ ಮೊದಲೇ ಕಿಟಕಿಗೆ ಗೋಣಿಚೀಲ ತುರುಕಿದ್ದಳು. ಹೆಂಚಿನ ಸಂದಿಗೂ ಹುಲ್ಲು, ಬಾಗಿಲಿಗೆ ದಪ್ಪ ಕಂಬಳಿ. ಮಂಚದ ಅಡಿ ಅಗ್ಗಿಷ್ಟಿಕೆಯಲ್ಲಿ ಹಗಲೂ ರಾತ್ರಿ ಇದ್ದಿಲ ಕೆಂಡ. ಅದರ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ನಮ್ಮ ಕಡೆ ಬಾಣಂತಿ ಕೋಣೆ ಎಂದರೆ ಹೀಗೇ ಇರುತ್ತಿತ್ತು, ಅವ್ವ ತುಸು ಹೆಚ್ಚು ಬಿಗಿ ಮಾಡಿದ್ದಳು.

ನರ್ಸಮ್ಮ ಬಂದರು. ಮೂಗು ಒಳಗೆ ಬಂತು, ಮುಖ ಕೆಟ್ಟಿತು.

'ಕಿಟಕಿ ಸ್ವಲ್ಪ ತೆಗೀರಮ್ಮ. ಕೆಂಡ ಆಚೆ ಇಡಿ. ಮಗು ಉಸಿರಾಡೋದು ಹೇಗೆ?'

'ಆಗಾಕೇ ಇಲ್ಲ. ಗಾಳಿ ವೊಡುದ್ರೆ ಮೊಗ ಉಳಿಯಾಕಿಲ್ಲ.'

ಮರುದಿನ ಬಂದು ಅದೇ ಹೇಳಿದರು, ಅವ್ವನೂ ಅದನ್ನೇ ಹೇಳಿದಳು. ಅಷ್ಟರಲ್ಲಿ ನನಗೆ ತಲೆನೋವು ಶುರುವಾಗಿತ್ತು. ಎದ್ದು ಕೂತರೆ ಕೋಣೆ ತಿರುಗುತ್ತಿತ್ತು, ಉಂಡದ್ದು ನಿಲ್ಲುತ್ತಿರಲಿಲ್ಲ. ಅವ್ವ ದೃಷ್ಟಿ ಎಂದಳು, ಶೀತ ಎಂದಳು, ಇನ್ನಷ್ಟು ಕೆಂಡ ಹಾಕಿದಳು. ನನಗೆ ಹೆಚ್ಚಾದಷ್ಟೂ ಕೆಂಡ ಹೆಚ್ಚಾಗುತ್ತಿತ್ತು. ಕೋಳಿಮರಿ ಬಾಯಿ ತೆರೆದರೆ ಏನರ್ಥ ಎಂದು ಬಾಯಿಪಾಠ ಹೇಳುತ್ತಿದ್ದ ನನಗೆ, ನನ್ನ ಮೈಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಬಾಣಂತಿಯರಿಗೆಲ್ಲ ಹೀಗೇ ಇರಬೇಕು ಅಂದುಕೊಂಡೆ.

ಮಗು ಮಾತ್ರ ಬಹಳ ಸಾಧುವಾಗಿತ್ತು. ಅಳುತ್ತಲೇ ಇರಲಿಲ್ಲ. ಹಾಲು ಕುಡಿಯುತ್ತ ಕುಡಿಯುತ್ತಲೇ ಬಾಯಿ ಬಿಟ್ಟು ನಿದ್ದೆ ಹೋಗುತ್ತಿತ್ತು. 'ಎಂಥಾ ಒಳ್ಳೆ ಮೊಗ, ಒಂದ್ ದಪ ಆದ್ರೂ ಸದ್ದು ಅನ್ನಾಕಿಲ್ಲ' ಎಂದು ಅವ್ವ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ನರ್ಸಮ್ಮನಿಗೂ ಹೇಳಿದಳು. ಆ ಮಾತು ಕೇಳಿ ಅವರು ಮಗುವಿನ ಅಂಗಾಲಿಗೆ ಬೆರಳಿನಿಂದ ಚುರುಕಾಗಿ ತಟ್ಟಿದರು. ಮಗು ಮುಖ ಕಿವಿಚಿ ಮತ್ತೆ ನಿದ್ದೆ ಹೋಯಿತು.

'ಅಮ್ಮ, ನಿಮಗೆ ಕೈ ಮುಗೀತೀನಿ. ಇದು ಒಳ್ಳೆ ನಿದ್ದೆ ಅಲ್ಲ. ಕಿಟಕಿ ತೆಗೀರಿ' ಎಂದರು.

ಅವ್ವನಿಗೂ ಭಯವಿತ್ತು, ಭಯಕ್ಕೆ ಸಿಟ್ಟು ಬಂತು. 'ನಿಮ್ಗೇನ್ ಗೊತ್ತದೆ ನರ್ಸಮ್ಮೋರೆ? ಒಂದಾದ್ರೂ ಹೆತ್ತಿದ್ದೀರಾ? ಒಂದಾದ್ರೂ ಮಣ್ಗಾಕಿದ್ದೀರಾ?'

ನರ್ಸಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ನನಗೆ ಮಂಚದ ಮೇಲೆ ನಾಚಿಕೆಯಿಂದ ಸತ್ತ ಹಾಗಾಯಿತು, ಆದರೆ ಬಾಯಿ ತೆರೆಯುವಷ್ಟು ಶಕ್ತಿ ಇರಲಿಲ್ಲ. ಇನ್ನು ಅವರು ಈ ಮನೆಗೆ ಬರುವುದಿಲ್ಲ ಎಂದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಬಂದರು. ಕೈಯಲ್ಲಿ ತೂತಿನ ರಟ್ಟಿನ ಪೆಟ್ಟಿಗೆ, ಒಳಗೆ ಚಿಲಿಪಿಲಿ.

'ಅಮ್ಮ, ನಮ್ಮ ಮನೇಲಿ ಕರೆಂಟ್ ಹೋಗಿಬಿಟ್ಟಿದೆ. ಮರಿ ಈಗ ತಾನೇ ಬಂದಿವೆ, ಸತ್ತುಹೋಗ್ತವೆ. ಊರಲ್ಲಿ ಬೆಚ್ಚಗಿರೋ ಜಾಗ ಅಂದ್ರೆ ನಿಮ್ಮ ಬಾಣಂತಿ ಕೋಣೆ ಒಂದೇ. ಸ್ವಲ್ಪ ಹೊತ್ತು ಇಟ್ಕೊಳ್ತೀರಾ?'

ನಮ್ಮ ಮನೆಗೆ ಆಗ ಕರೆಂಟು ಇರಲಿಲ್ಲ, ಹಾಗಾಗಿ ಹೋದದ್ದೂ ಬಂದದ್ದೂ ನಮಗೆ ತಿಳಿಯುವಂತಿರಲಿಲ್ಲ. ಬೇರೆ ದಿನವಾಗಿದ್ದರೆ ಅವ್ವ ಬಾಣಂತಿ ಕೋಣೆಗೆ ಕೋಳಿಮರಿಯೇ ಎಂದು ಕೇಳುತ್ತಿದ್ದಳೇನೋ. ನಿನ್ನೆಯ ಮಾತು ಅವಳಿಗೂ ಚುಚ್ಚುತ್ತಿತ್ತು. ಜೊತೆಗೆ, ಕೋಣೆ ಬೆಚ್ಚಗಿದೆ ಎಂದು ನರ್ಸಮ್ಮನ ಬಾಯಿಂದಲೇ ಬಂದದ್ದು ಅವಳಿಗೆ ಹಿತವಾಯಿತು. 'ಅಯ್ಯೋ, ಮಡಗಿ ಬುಡಿ, ಅದ್ಕೇನಂತೆ' ಎಂದಳು.

ಪೆಟ್ಟಿಗೆಯನ್ನು ನೆಲಕ್ಕೆ ಬಗ್ಗಿಸಿದರು. ಮರಿಗಳು ಅಗ್ಗಿಷ್ಟಿಕೆಯ ಕಡೆ ಓಡಿದವು. ಅವ್ವ ನರ್ಸಮ್ಮನ ಮುಖ ನೋಡಿದಳು, ನೋಡಿದ್ರಾ ಎಂಬ ಹಾಗೆ. ನರ್ಸಮ್ಮ ಗೋಡೆಗೊರಗಿ ಸೆರಗಿನ ತುದಿ ಹಿಂಡುತ್ತ ಸುಮ್ಮನೆ ನಿಂತಿದ್ದರು. ಅವರು ಅಷ್ಟು ಹೊತ್ತು ಮಾತಾಡದೆ ನಿಂತದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಸ್ವಲ್ಪ ಹೊತ್ತಿಗೆ ಚಿಲಿಪಿಲಿ ಕಡಿಮೆಯಾಯಿತು. ಮರಿಗಳು ಕೆಂಡ ಬಿಟ್ಟು ದೂರ ಸರಿದವು. ಗೋಡೆಯುದ್ದಕ್ಕೂ ತಡಕಾಡಿದವು. ಆಮೇಲೆ ಒಂದೊಂದಾಗಿ ಬಾಗಿಲ ಕಡೆ ಹೋದವು. ಕಂಬಳಿಯ ಅಂಚು ನೆಲ ಮುಟ್ಟದ ಕಡೆ ಒಂದು ಸಂದು ಇತ್ತು. ಅಲ್ಲಿಗೆ ಕೊಕ್ಕು ಹಚ್ಚಿ, ಬಾಯಿ ತೆರೆದುಕೊಂಡು, ರೆಕ್ಕೆ ಇಳಿಬಿಟ್ಟು ನಿಂತವು. ಹಿಂದಿನವು ಮುಂದಿನವುಗಳ ಮೇಲೆ ಹತ್ತುತ್ತಿದ್ದವು.

ಅವ್ವ ಹುಟ್ಟಿದಾಗಿನಿಂದ ಕೋಳಿ ಸಾಕಿದವಳು. ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 'ಯಾಕವ್ವಾ ಎಲ್ಲಾವೂ ಬಾಗ್ಲ್ ತಾವ್ಕೆ ಓದೋ?' ಎಂದು ನಿಧಾನವಾಗಿ ಕೇಳಿದಳು. ಬಗ್ಗಿ ಒಂದನ್ನು ಕೈಗೆತ್ತಿಕೊಂಡಳು. ಅದರ ಕತ್ತು ಅವಳ ಬೆರಳ ಮೇಲೆ ಜೋತುಬಿತ್ತು.

ಅವ್ವ ಮರಿಯನ್ನು ನೋಡಿದಳು. ಆಮೇಲೆ ನನ್ನ ಮಗ್ಗುಲಲ್ಲಿ ಸದ್ದಿಲ್ಲದೆ ಮಲಗಿದ್ದ ಮಗುವನ್ನು ನೋಡಿದಳು. ಮರಿಯನ್ನು ನೆಲಕ್ಕೆ ಬಿಟ್ಟು ಕಿಟಕಿಗೆ ನುಗ್ಗಿ, ಗೋಣಿಚೀಲವನ್ನು ಎರಡೂ ಕೈಯಲ್ಲಿ ಕಿತ್ತು ಎಳೆದಳು. ಬೆಳಕೂ ತಣ್ಣನೆಯ ಗಾಳಿಯೂ ಒಟ್ಟಿಗೆ ಒಳಗೆ ಬಿದ್ದವು. ನರ್ಸಮ್ಮ ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡು ಜಗುಲಿಗೆ ಓಡಿದ್ದರು. ನಾನು ಗೋಡೆ ಹಿಡಿದುಕೊಂಡು ಹಿಂದೆ ಹೋದೆ, ಅವ್ವ ಮರಿಗಳನ್ನು ಸೆರಗಿಗೆ ತುಂಬಿಕೊಂಡು ತಂದು ಜಗುಲಿಗೆ ಬಿಟ್ಟಳು. ಅಂಗಾಲು ತಟ್ಟಿದರು, ಬೆನ್ನು ಉಜ್ಜಿದರು, ಮುಖಕ್ಕೆ ಮುಖ ಹತ್ತಿರ ಹಿಡಿದು ಏನೇನೋ ಹೆಸರಿನಿಂದ ಕರೆದರು. ನಾನು ಅಂಥ ಹೊತ್ತನ್ನು ಮತ್ತೆ ಕಂಡಿಲ್ಲ, ಕಾಣಲೂ ಬೇಡ. ಕೊನೆಗೆ ಮಗು ಕೆಮ್ಮಿತು, ಕೆಂಪಗಾಯಿತು, ಬೀದಿಗೆಲ್ಲ ಕೇಳುವ ಹಾಗೆ ಅತ್ತಿತು. ನಾವು ಮೂವರೂ ಅತ್ತೆವು.

'ನನ್ನ ಬ್ಯಾಗು, ಮೇಜಿನ ಮೇಲಿದೆ, ಯಾರಾದ್ರೂ ತಗೊಂಡು ಬನ್ನಿ' ಎಂದು ನರ್ಸಮ್ಮ ಕೂಗಿದರು. ಅವ್ವನೇ ಓಡಿಹೋಗಿ ಕ್ವಾರ್ಟರ್ಸಿನಿಂದ ತಂದುಕೊಟ್ಟಳು. ಕೊಟ್ಟು, ಒಂದು ಮಾತೂ ಆಡದೆ ಜಗುಲಿಯ ತುದಿಯಲ್ಲಿ ಕೂತಳು. ಅವಳ ಎದುರಿಗೆ ಬದುಕಿದ ಮರಿಗಳು ಬಿಸಿಲಲ್ಲಿ ಕಣ್ಣು ಬಿಡುತ್ತಿದ್ದವು. ಎರಡು ಮರಿ ಏಳಲಿಲ್ಲ. ನರ್ಸಮ್ಮ ಅವೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ತಮ್ಮ ಹಿತ್ತಲಲ್ಲಿ ಹೂತರು. ಪೂಜೆಗೆ ಹೂ ಬಿಡಿಸುವ ಗಿಡದ ಬುಡದಲ್ಲಿ.

ಅಂದಿನಿಂದ ನನ್ನದು ಕೋಳಿಮರಿಯ ಬಾಣಂತನವಾಯಿತು. ಕೆಂಡ ಅಂಗಳಕ್ಕೆ ಹೋಯಿತು. ಕಿಟಕಿಯ ಮೇಲಿನ ಬಾಗಿಲು ಸದಾ ತೆರೆದಿತ್ತು. ಗಾಳಿ ನೇರವಾಗಿ ಬಡಿಯದ ಹಾಗೆ ಮಂಚದ ಸುತ್ತ ಬಿದಿರು ತಟ್ಟಿ ನಿಂತಿತು, ಬಟ್ಟೆ ಸುತ್ತಿದ ಬಿಸಿನೀರಿನ ಚೊಂಬು ಮಗುವಿನ ಕಾಲ ದೆಸೆಗೆ ಬಂತು. ಅವ್ವನಿಗೆ ಹೆದರಿಕೆ ಹೋಯಿತು ಎಂದಲ್ಲ. ರಾತ್ರಿಯೆಲ್ಲ ಕಿಟಕಿಯನ್ನೇ ನೋಡುತ್ತ ಕೂತಿರುತ್ತಿದ್ದಳು. ಆದರೆ ಗೋಣಿಚೀಲ ಮುಟ್ಟಲಿಲ್ಲ. ಆಮೇಲಾಮೇಲೆ ಊರಿನ ಬೇರೆ ಬಾಣಂತಿಯರ ಮನೆಗೆ ತಾನೇ ನುಗ್ಗಿ ಕಿಟಕಿ ತೆಗೆಸುತ್ತಿದ್ದಳು, ನರ್ಸಮ್ಮನಿಗಿಂತ ಜೋರಾಗಿ.

ಎಂಬತ್ತರ ದಶಕದ ನಡುವೆ ಎಲ್ಲೋ ನರ್ಸಮ್ಮನಿಗೆ ನಂಜನಗೂಡಿನ ಹತ್ತಿರಕ್ಕೆ ವರ್ಗವಾಯಿತು. ತಾಯಿಗೆ ವಯಸ್ಸಾಗಿತ್ತು, ಅವರೇ ಕೇಳಿ ಹಾಕಿಸಿಕೊಂಡದ್ದು. ಮರಿಗಳನ್ನೆಲ್ಲ ಹಂಚಿ, ಮಂಕರಿ ತಟ್ಟಿಗಳನ್ನು ನಮ್ಮ ಮನೆಗೆ ಕೊಟ್ಟರು. ಕಳಿಸಿಕೊಡಲು ನಾನು, ಅವ್ವ, ನನ್ನ ಮಗಳು ನರಸೀಪುರದ ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು. ನಂಜನಗೂಡಿನ ಬಸ್ಸು ಇನ್ನೂ ಬಂದಿರಲಿಲ್ಲ. ನರ್ಸಮ್ಮ ಟ್ರಂಕಿನ ಮೇಲೆ ಕೂತು, ಮನೆಗೆ ಬೀಗ ಹಾಕಿದೆನಾ, ಒಲೆ ಆರಿಸಿದೆನಾ ಎಂದು ನನ್ನನ್ನು ಕೇಳುತ್ತಲೇ ಇದ್ದರು. ಅವ್ವ ಇದ್ದಕ್ಕಿದ್ದ ಹಾಗೆ ಮಾತು ತೆಗೆದಳು.

'ನರ್ಸಮ್ಮೋರೆ, ಅವತ್ತು ಬ್ಯಾಗ್ ತರಾಕೆ ನಾನೇ ಓಗಿದ್ನಲ್ಲ. ನಿಮ್ ಇಂದ್ಲ ಮರಿ ಕೋಣೇಲಿ ಬಲ್ಬು ಉರೀತಿತ್ತು.'

ನರ್ಸಮ್ಮ ತಲೆ ಎತ್ತಲಿಲ್ಲ. 'ನೋಡಿದ್ರಾ' ಎಂದರು.

'ನೋಡ್ದೆ. ಮರಿ ಒಂದೂ ಇಲ್ದೆ ಬರೀ ಹೊಟ್ಟಿನ್ ಮ್ಯಾಲೆ ಉರೀತಿತ್ತು. ಕರೆಂಟ್ ಓಗದೆ ಅಂತ ಸುಳ್ ಯೋಳುದ್ರಲ್ಲ ಅಂತ ಒಟ್ಟೆ ಉರೀತು. ಗೋಣಿ ತಿರ್ಗಾ ತುರ್ಕ್‌ಬುಡಾನ ಅಂದ್ಕಂಡೆ ಬಂದೆ. ಜಗುಲಿ ಮ್ಯಾಲೆ ಆ ಎರಡು ಮರಿ ಬಿದ್ದಿದ್ದೋ. ಸುಮ್ಕಾದೆ.' ಅವ್ವ ಟ್ರಂಕಿನ ಪಕ್ಕ ಕುಕ್ಕರಿಸಿ ಹೇಳಿದಳು, 'ಒಂದು ಮರಿ ಸತ್ರೆ ಉಣ್ಣಾಕಿಲ್ದೋರು ನೀವು. ನಮ್ ಮೊಗೀಗೋಸ್ಕರ ಆ ಎರಡ್ ಮರೀನ ಕೊಟ್ಬುಟ್ರಿ.'

ನರ್ಸಮ್ಮ ಇಲ್ಲ ಎಂದು ತಲೆಯಾಡಿಸಿದರು. ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು, ಅವತ್ತಿನ ಹಾಗೆಯೇ.

'ಹಾಗನ್ನಬೇಡಿ ಕಣಮ್ಮ. ಸಾಯಲಿ ಅಂತ ತರಲಿಲ್ಲ ನಾನು. ಬಾಯಿ ತೆಗೆದುಕೊಂಡು ಬಾಗಿಲಿಗೆ ಬರ್ತವೆ, ನೀವು ನೋಡ್ತೀರಿ, ತಕ್ಷಣ ಎತ್ಕೊಂಡು ಹೋಗೋಣ ಅಂತಿದ್ದೆ. ಸಾಯ್ತವೆ ಅಂತ ಗೊತ್ತೇ ಇರಲಿಲ್ಲ. ಒಳಗೆ ಗಾಳಿ ಅಷ್ಟು ಕೆಟ್ಟುಹೋಗಿದೆ ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಮರಿ ತಂದು ಆಟ ಆಡ್ತಿದ್ನಾ, ಮೊದಲನೇ ದಿನವೇ ಕಿಟಕಿ ಒಡೆದುಹಾಕ್ತಿದ್ದೆ.'

ಬಸ್ಸು ಬಂತು. ಟ್ರಂಕು ಮೇಲೆ ಹೋಯಿತು, ಅವರು ಒಳಗೆ ಹೋದರು. ನಾನು ಕೈ ಬೀಸಿದೆನೋ ಇಲ್ಲವೋ ನೆನಪಿಲ್ಲ. ಒಂದಕ್ಕೆ ಹತ್ತರಷ್ಟು ಹೆದರುತ್ತಾರೆ ಎಂದು ಊರೆಲ್ಲ ನಕ್ಕ ಹೆಂಗಸು, ಆ ಒಂದು ಸಲ ಕಡಿಮೆ ಹೆದರಿದ್ದರು. ಮಗಳು ಪಕ್ಕದಲ್ಲಿ ನಿಂತು ಕಡಲೇಕಾಯಿ ಸುಲಿಯುತ್ತಿದ್ದಳು. ಅವಳ ತೋಳನ್ನು ಹಿಡಿದುಕೊಂಡೆ.

'ಬುಡವ್ವ, ನೋಯ್ತದೆ' ಎಂದಳು.

ಬಸ್ಸು ಹೋಗಿ ಎಷ್ಟೋ ಹೊತ್ತಾದರೂ ನನಗೆ ಬಿಡಲು ಆಗಲಿಲ್ಲ.